ಬಲಕ್ಕೆ ಬಿದ್ದ ಹೂವು

ಯಗಟಿಯಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿದವರಲ್ಲಿ ತೀರ್ಥಪ್ಪನೇ ಮೊದಲನೆಯವನು. ಅದು ಮಹಾರಾಜರ ಕಾಲ, ಸಾವಿರದ ಒಂಬೈನೂರ ಹನ್ನೆರಡನೇ ಇಸವಿ. ಪಾಸಾದ ಮೇಲೆ ಒಂದೇ ವಾರದಲ್ಲಿ ಅವನಿಗೆ ಎರಡು ಕಾಗದ ಬಂದವು. ಒಂದು ದೇವನೂರಿನ ಶಾಲೆಗೆ ಮೇಷ್ಟರಾಗಿ ಬರುವಂತೆ, ಇನ್ನೊಂದು ಬೀರೂರು ಸ್ಟೇಷನ್ನಿಗೆ ಟಿಕೆಟ್ ಕೊಡುವ ಗುಮಾಸ್ತನಾಗಿ.

ಅವನಿಗೆ ಓದು ಕಲಿಸಿದ ಗಂಗಾಧರಯ್ಯ ಮೇಷ್ಟರು ಎರಡನ್ನೂ ಓದಿ ಕನ್ನಡಕ ತೆಗೆದರು.

“ಕಂಡವರನ್ನೆಲ್ಲ ಕೇಳ್ತಾ ಹೋಗ್ಬೇಡ ತೀರ್ಥಪ್ಪ. ಯಾವ ಕೆಲಸ ಮಾಡುವಾಗ ನಿನಗೆ ಹಸಿವು ಮರೆತುಹೋಗ್ತದೆ, ಅಷ್ಟು ನೋಡ್ಕೊ.”

ಅದು ಅವನಿಗೆ ಗೊತ್ತೇ ಇತ್ತು. ಕುರಿ ಕಾಯುವವರನ್ನು ಬಂಡೆಯ ಮೇಲೆ ಕೂರಿಸಿಕೊಂಡು ಇದ್ದಲಿನಲ್ಲಿ ಅಕ್ಷರ ತಿದ್ದಿಸುವಾಗ, ಮುದ್ದೆ ಆರಿತೆಂದು ಅವ್ವ ಪಾಪಮ್ಮ ಮೂರು ಸಲ ಕೂಗಬೇಕಾಗುತ್ತಿತ್ತು. ಎದುರಿಗಿದ್ದವನಿಗೆ ತಿಳಿಯಿತು ಎಂದು ಅವನ ಕಣ್ಣಲ್ಲಿ ಕಾಣುವವರೆಗೆ ಬಿಟ್ಟೇಳುವುದು ತೀರ್ಥಪ್ಪನಿಂದ ಆಗದು.

ಆದರೆ ಆ ಮನೆಯಲ್ಲಿ ಎತ್ತು ಕೊಳ್ಳುವುದಿರಲಿ, ಹೆಣ್ಣು ತರುವುದಿರಲಿ, ಕೆಂಚಮ್ಮನ ಗುಡಿಯಲ್ಲಿ ಹೂವು ಕೇಳದೆ ನಡೆಯುತ್ತಿರಲಿಲ್ಲ. ಪೂಜಾರಿ ದೇವಿಯ ಎರಡು ಭುಜಕ್ಕೂ ನೆನೆಸಿದ ಎಸಳು ಅಂಟಿಸುತ್ತಾನೆ. ಮನೆಯ ಹಿರಿಯ ಕೇಳುತ್ತಾನೆ. ಬಲದ್ದು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಹಿರಿಯನಿರುವಾಗ ಕಿರಿಯ ಬಾಯಿ ತೆರೆಯುವಂತಿಲ್ಲ.

ಅಪ್ಪ ಕೆಂಚಪ್ಪ ಕೈಮುಗಿದ. “ನನ್ ಮಗ ರೈಲಿನ ಕೆಲ್ಸಕ್ಕೆ ಹೋದ್ರೆ ಒಳ್ಳೇದಾಗೋದಾದ್ರೆ ಬಲಗಡೆ ಕೊಡವ್ವ.”

ಬಲದ ಎಸಳು ಜಾರಿತು. ಗುಡಿಯ ಮೆಟ್ಟಿಲು ಇಳಿಯುವಾಗ ತೀರ್ಥಪ್ಪ ಮೆಲ್ಲಗೆ ಅಂದ: “ಅಪ್ಪಾ, ಶಾಲೆದು ಕೇಳ್ಲೇ ಇಲ್ವಲ್ಲ.”

“ಬಲಕ್ ಬಿತ್ತಲ್ಲೋ. ಇನ್ನು ಕೇಳೋದೇನು?”

ಬೀರೂರಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ರೈಲು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ. ತೀರ್ಥಪ್ಪ ಕಿಟಕಿಯ ಹಿಂದೆ ಕೂತು ಎಂಟು ತಿಂಗಳಾಗಿರಬೇಕು, ಈರಕ್ಕ ಎಂಬ ಮುದುಕಿ ಬಂದಳು. ಅಜ್ಜಂಪುರದಲ್ಲಿ ಮಗಳ ಬಾಣಂತನ.

“ಹೋದ್ಸಲ ತರೀಕೆರೆ ರೈಲು ಹತ್ಬಿಟ್ಟಿದ್ದೆ ಕಣಪ್ಪಾ. ಅಲ್ಲಿ ಕೂತ್ಕೊಂಡು ಸಂಜೆಗಂಟ ಅತ್ತೆ. ಅಲ್ಲಿ ಯಾರೂ ನನ್ ಅಳಿಯನ್ ಹೆಸ್ರೇ ಕೇಳಿಲ್ಲ ಅಂತಾರೆ.”

ತೀರ್ಥಪ್ಪ ಒಂದು ಚೀಟಿಯ ಮೇಲೆ ದೊಡ್ಡದಾಗಿ ‘ಅ’ ಬರೆದು ಅವಳ ಕೈಗಿತ್ತ. ಪ್ಲಾಟ್‌ಫಾರಮ್ಮಿನ ಹಲಗೆಯ ಮೊದಲ ಅಕ್ಷರ ಹೀಗಿದ್ದರೆ ಅಲ್ಲಿ ರೈಲು ಹತ್ತಬೇಕು, ಸ್ಟೇಷನ್ನಿನ ಬೋರ್ಡಿನಲ್ಲಿ ಇದೇ ಕಂಡಾಗ ಇಳಿಯಬೇಕು ಎಂದ. ಅವಳು ಚೀಟಿಯನ್ನು ತಲೆಕೆಳಗಾಗಿ ಹಿಡಿದಳು. ಅವನು ತಿರುಗಿಸಿ ಕೊಟ್ಟ. ಅವಳ ಬೆರಳು ಹಿಡಿದು ಆ ಅಕ್ಷರದ ಮೇಲೆ ಆಡಿಸಿದ.

“ಲೇ ಗುಮಾಸ್ತ, ಮದ್ವೆ ಮಾತುಕತೆನಾ ಅದು?” ಎಂದು ಸಾಲಿನಿಂದ ಯಾರೋ ಕೂಗಿದರು.

ಈರಕ್ಕನಿಗೆ ತಿಳಿಯಿತು. ಅವಳು ರೈಲು ಹತ್ತಿದಳು. ಅವಳ ಹಿಂದಿದ್ದ ಹನ್ನೊಂದು ಮಂದಿಗೆ ರೈಲು ತಪ್ಪಿತು.

ಅವರು ಹೋಗಿ ಸ್ಟೇಷನ್ ಮಾಸ್ಟರರ ಮೇಜು ಗುದ್ದಿದರು. ಮಾಸ್ಟರು ಕೆಟ್ಟವರಲ್ಲ. “ನಿಂಗೆ ಜನ ಆಗಲ್ಲ ಕಣಯ್ಯ. ಮೂಟೆ ನೋಡ್ಕೊ” ಎಂದು ಅವನನ್ನು ಗೂಡ್ಸ್ ಶೆಡ್ಡಿಗೆ ಹಾಕಿದರು. ಜನ ಆಗಲ್ಲ ಎಂಬ ಆ ಮಾತು ತೀರ್ಥಪ್ಪನಿಗೆ ಮೂಟೆಗಿಂತ ಭಾರವಾಯಿತು.

ಮೂರನೇ ವರ್ಷ ಗಂಗಾಧರಯ್ಯನವರು ಹೇಳಿಕಳಿಸಿದರು. ದೇವನೂರಿನ ಶಾಲೆಯಲ್ಲಿ ಜಾಗ ಮತ್ತೆ ಖಾಲಿಯಾಗಿದೆ, ಸೋಮವಾರದೊಳಗೆ ಬಂದರೆ ಅವನದೇ. ತೀರ್ಥಪ್ಪ ಒಂದು ದಿನದ ರಜೆ ಹಾಕಿ ಊರಿಗೆ ಬಂದು, ಅಪ್ಪ ಅವ್ವನನ್ನು ಗುಡಿಗೆ ಕರೆದೊಯ್ದ.

“ಒಂದೇ ಮಾತ್ನ ತಾಯಿ ಹತ್ರ ಎರಡ್ ಸಲ ಕೇಳಂಗಿಲ್ಲ” ಎಂದ ಪೂಜಾರಿ.

“ಅದೇ ಮಾತಲ್ಲ. ಶಾಲೆದು ಯಾವತ್ತೂ ಕೇಳಿಲ್ಲ” ಎಂದ ತೀರ್ಥಪ್ಪ.

ಪೂಜಾರಿ ಯೋಚಿಸಿ ಒಪ್ಪಿದ. ಎಸಳು ನೆನೆಸಿ ಅಂಟಿಸಿದ. ಕೆಂಚಪ್ಪ ಮುಂದೆ ಬಂದು ಕೈಮುಗಿದು ನಿಂತ. ಪಾಪಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ತೀರ್ಥಪ್ಪ ಅಪ್ಪನ ಬೆನ್ನನ್ನೇ ನೋಡುತ್ತಿದ್ದ. ಬೆನ್ನು ಏರಿತು, ಇಳಿಯಿತು.

“ಕೇಳಪ್ಪಾ” ಎಂದ ತೀರ್ಥಪ್ಪ.

“ಬಲಕ್ ಬಿದ್ರೆ?” ಕೆಂಚಪ್ಪ ತಿರುಗದೆಯೇ ಕೇಳಿದ. “ಅವತ್ತೂ ಬಲ, ಇವತ್ತೂ ಬಲ ಅಂದ್ರೆ, ನಿನ್ನ ಮೂರ್ ವರ್ಷ ನಾನೇ ಹಾಳ್ ಮಾಡ್ದೆ ಅಂತಾಯ್ತಲ್ಲೋ. ಎಡಕ್ ಬಿದ್ರೆ ನಿನ್ ಮುಖ ಹೆಂಗ್ ನೋಡ್ಲಿ?”

ತೀರ್ಥಪ್ಪ ತಾನೇ ಕೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಮುಗಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಆ ಕೈಯನ್ನು ದಾಟಿ ಮುಂದೆ ಹೋಗಲು ಅವನಿಗೆ ಆಗಲಿಲ್ಲ.

ಯಾರೂ ಕೇಳಲಿಲ್ಲ, ಎಸಳುಗಳೂ ಬೀಳಲಿಲ್ಲ. ನೀರು ಆರಿ, ಎರಡೂ ಭುಜದ ಮೇಲೆ ಸುರುಟಿಕೊಂಡು ಹಾಗೆಯೇ ಅಂಟಿದ್ದವು. ಹೊತ್ತು ನೆತ್ತಿಗೇರಿತು. ಪೂಜಾರಿ ಬಾಗಿಲು ಹಾಕಬೇಕೆಂದ. ಬೀರೂರಿನ ಕಡೆಗೆ ತೆಂಗಿನಕಾಯಿ ಹೊತ್ತ ಗಾಡಿ ಹೊರಟಿತ್ತು. ತೀರ್ಥಪ್ಪ ಹತ್ತಿ ಕೂತ.

“ಬತ್ತೀನವ್ವ” ಎಂದ. ಕೆಂಚಪ್ಪ ಗುಡಿಯ ಮೆಟ್ಟಿಲ ಮೇಲೇ ಕೂತಿದ್ದ.

ಸೋಮವಾರ ತೀರ್ಥಪ್ಪ ಶೆಡ್ಡಿನಲ್ಲಿ ಮೂಟೆಗಳ ಮೇಲೆ ಸೀಮೆಸುಣ್ಣದಲ್ಲಿ ಊರಿನ ಹೆಸರು ಬರೆಯುತ್ತಿದ್ದ. ಹಮಾಲಿ ತಮ್ಮಯ್ಯ ಪಕ್ಕದಲ್ಲಿ ನಿಂತು ನೋಡಿದ.

“ಇದೇನ್ ಬುದ್ಧಿ, ಹಾವು ಸುತ್ಕೊಂಡಂಗೈತೆ?”

“ಇದಾ? ಇದು ‘ಅ’ ಕಣೋ. ಅಜ್ಜಂಪುರ ಅನ್ನೋಕೆ ಮೊದಲು ಇದು. ಬಾ, ಇಲ್ಲಿ ಕೈ ಇಡು.”

ತಮ್ಮಯ್ಯನ ಒರಟು ಬೆರಳು ಅಕ್ಷರದ ಮೇಲೆ ಅರ್ಧ ಹರಿದಿತ್ತು. ಅಷ್ಟರಲ್ಲಿ ಗೂಡ್ಸ್ ಗಾಡಿ ಕೂಗಿತು. ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡು, ಮೂಟೆ ಬೆನ್ನಿಗೇರಿಸಿ ನಡೆದ. ತೀರ್ಥಪ್ಪ ಸೀಮೆಸುಣ್ಣ ಹಿಡಿದು ಮುಂದಿನ ಮೂಟೆಗೆ ಬಾಗಿದ.