ಮನೆಗೆ ಹೋಗುವ ದಾರಿಯ ಫೋಟೋಗಳು

ಎರಡು ವರ್ಷದ ಹಿಂದಿನ ಮಾತು. ಕತ್ರಿಗುಪ್ಪೆಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ, ಜನರ ಮೊಬೈಲ್‌ಗಳಲ್ಲಿ ತುಂಬಿಕೊಂಡ ಫೋಟೋಗಳನ್ನು ವಿಂಗಡಿಸಿ ಆಲ್ಬಂ ಮಾಡಿಕೊಡುವ ಕೆಲಸ ಶುರು ಮಾಡಿದ್ದೆ. ಅದಕ್ಕೂ ಮೊದಲು ಜಯನಗರದ ಕಲರ್ ಲ್ಯಾಬ್ ಒಂದರಲ್ಲಿ ಪ್ರಿಂಟ್ ಹಾಕುತ್ತಾ ಅರ್ಧ ಆಯಸ್ಸು ಕಳೆದವಳು ನಾನು. ರೀಲಿನ ಕಾಲದಲ್ಲಿ ಜನ ಯೋಚಿಸಿ ಕ್ಲಿಕ್ ಮಾಡುತ್ತಿದ್ದರು. ಈಗ ನೋಡಿ, ಗುಡ್ ಮಾರ್ನಿಂಗ್ ಗುಲಾಬಿ, ಕರೆಂಟ್ ಬಿಲ್ಲು, ಯಾರದೋ ಮನೆಯ ಲಗ್ನಪತ್ರಿಕೆ, ಜೇಬಿನೊಳಗೆ ಕ್ಯಾಮೆರಾ ತಾನೇ ತೆಗೆದುಕೊಂಡ ಕತ್ತಲೆ! ಮೊಮ್ಮಗಳ ಮೊದಲ ಹೆಜ್ಜೆ ಇವುಗಳ ನಡುವೆ ಎಲ್ಲೋ ಹೂತುಹೋಗಿರುತ್ತದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇಂಥ ಫೋನ್ ಕೈಗೆ ಬಂದರೆ ಅದರ ಯಜಮಾನರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡು ಆಮೇಲೆ ಕೆಲಸಕ್ಕೆ ಕೂರುತ್ತಿದ್ದೆ.

ಒಂದು ದಿನ ಪಕ್ಕದ ಬಡಾವಣೆಯ ಜಯಲಕ್ಷ್ಮಿ ಬಂದರು. ಅವರ ಯಜಮಾನರು ಶ್ರೀಕಂಠಯ್ಯ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರಿಗೆ ಎಪ್ಪತ್ತು ತುಂಬುತ್ತಿತ್ತು, ಮನೆಯವರು ಭೀಮರಥ ಶಾಂತಿ ಇಟ್ಟುಕೊಂಡಿದ್ದರು. ಹೋಮ, ಊಟ ಮುಗಿದ ಮೇಲೆ ಹಾಲ್‌ನಲ್ಲಿ ಪರದೆ ಕಟ್ಟಿ ಹಳೆಯ ಫೋಟೋ ತೋರಿಸದಿದ್ದರೆ ಈಗ ಯಾವ ಶಾಂತಿಯೂ ಪೂರ್ತಿ ಆಗುವುದಿಲ್ಲವಲ್ಲ.

“ಇವರಿಗೆ ಗೊತ್ತಾಗ್ಬಾರ್ದು ಸುಮಾ, ಸರ್ಪ್ರೈಸು. ಬ್ಯಾಟರಿ ಹಾಕ್ಸೋಕೆ ಅಂತ ಸುಳ್ಳು ಹೇಳಿ ಫೋನ್ ಎತ್ಕೊಂಡ್ ಬಂದಿದೀನಿ. ಚೆನ್ನಾಗಿರೋದನ್ನ ಇಟ್ಕೊಂಡು ಮಿಕ್ಕಿದ್ ಕಸ ಎಲ್ಲ ಗುಡಿಸಿ ಹಾಕ್ಬಿಡಿ. ಏನೇನೋ ತೆಗೀತಾರೆ ಕಣ್ರೀ. ಸ್ಟೋರೇಜ್ ಫುಲ್, ಸ್ಟೋರೇಜ್ ಫುಲ್ ಅಂತ ದಿನಾ ಬಡ್ಕೊಳ್ಳುತ್ತೆ ಅದು.”

“ಫೋನ್ ಬಿಟ್ಟು ಇರ್ತಾರಾ ಸಾರು?”

“ಒದ್ದಾಡ್ತಿದಾರೆ ಪಾಪ. ನಾಳೆ ಕೊಟ್ಬಿಡ್ತೀರಲ್ಲ, ಇರ್ಲಿ,” ಎಂದು ನಕ್ಕು, ಪಿನ್ ನಂಬರು ಹೇಳಿ ಹೋದರು.

ನನ್ನ ಕೆಲಸಕ್ಕೊಂದು ಕ್ರಮವಿದೆ. ಮೊದಲು ಬ್ಯಾಕಪ್, ಅಂದರೆ ಫೋನಿನಲ್ಲಿರುವುದೆಲ್ಲದರ ಇನ್ನೊಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು. ಆಮೇಲೆ ಮುಖಗಳಿರುವ ಚಿತ್ರಗಳನ್ನು ಬೇರೆ ಮಾಡುವುದು. ಕೊನೆಗೆ ಬೇಡದ್ದಕ್ಕೆಲ್ಲ ಗುರುತು ಹಾಕಿ ಒಂದೇ ಏಟಿಗೆ ಡಿಲೀಟ್.

ಮರುದಿನ ಬೆಳಗ್ಗೆ ಬೇಡದ್ದರ ಸರದಿ ಬಂತು. ಗ್ಯಾಸ್ ಒಲೆಯ ನಾಬ್, ಆಫ್ ಆಗಿರುವುದು. ಮತ್ತೆ ಅದೇ ನಾಬ್. ಬೀಗ ಹಾಕಿದ ಬಾಗಿಲು. ಖಾಲಿಯಾದ ಮಾತ್ರೆಯ ಪಟ್ಟಿ. ‘ಅಬ್ಬಬ್ಬಾ, ಮೇಷ್ಟ್ರು ಗ್ಯಾಸ್ ನಾಬ್‌ಗೂ ಪೋಸ್ ಕೊಡಿಸ್ತಾರಲ್ಲಾ’ ಎಂದು ಒಬ್ಬಳೇ ನಕ್ಕೆ. ಆಮೇಲೆ ಬರೀ ರಸ್ತೆ. ಒಂದು ಬೇಕರಿ, ಟೈಲರ್ ಅಂಗಡಿಯ ಬೋರ್ಡು, ಹೊಂಗೆ ಮರ, ಟ್ರಾನ್ಸ್‌ಫಾರ್ಮರ್, ನೀಲಿ ಗೇಟು. ಜನ ಯಾರೂ ಇಲ್ಲ, ಅಂದವೂ ಇಲ್ಲ. ಎಲ್ಲಕ್ಕೂ ಗುರುತು ಹಾಕಿದೆ.

ಡಿಲೀಟ್ ಒತ್ತುವ ಮುಂಚೆ ಕಣ್ಣಿಗೆ ಏನೋ ಕೆಂಪಗೆ ಬಿತ್ತು. ಬೇಕರಿಯ ಚಿತ್ರವನ್ನು ದೊಡ್ಡದು ಮಾಡಿದೆ. ಅದರ ಮೇಲೆ ಬೆರಳಿನಿಂದ ಒಂದು ಬಾಣ ಎಳೆದಿದ್ದರು, ಬಲಕ್ಕೆ. ಟೈಲರ್ ಅಂಗಡಿಯ ಮೇಲೂ ಬಾಣ, ಎಡಕ್ಕೆ. ತೆಗೆದ ಹೊತ್ತಿಗೆ ಸರಿಯಾಗಿ ಒಂದರ ಹಿಂದೆ ಒಂದು ಜೋಡಿಸಿದೆ. ತರಕಾರಿ ಅಂಗಡಿಯಿಂದ ಶುರುವಾಗಿ ಪ್ರತಿ ತಿರುವೂ ಇತ್ತು. ಕೊನೆಯದು ಜಯಲಕ್ಷ್ಮಿಯವರ ಮನೆಯ ನೀಲಿ ಗೇಟು.

ಮನುಷ್ಯನಿಗೆ ತನ್ನ ಮನೆಯ ದಾರಿ ಮರೆತುಹೋಗುತ್ತಿದೆ. ಅದನ್ನು ಯಾರಿಗೂ ಹೇಳದೆ ಫೋನಿನಲ್ಲಿ ಬಚ್ಚಿಟ್ಟುಕೊಂಡಿದ್ದಾರೆ. ಆ ಫೋನು ನನ್ನ ಮೇಜಿನ ಮೇಲಿದೆ!

ಕೂಡಲೇ ಜಯಲಕ್ಷ್ಮಿಗೆ ಫೋನ್ ಮಾಡಿದೆ. “ಸಾರ್ ಎಲ್ಲಿದಾರೆ ಮೇಡಂ?”

“ತರಕಾರಿಗೆ ಹೋದ್ರು. ಇಷ್ಟೊತ್ತಿಗೆ ಬರ್ಬೇಕಿತ್ತು, ಯಾರೋ ಸಿಕ್ಕಿರ್ತಾರೆ ಬಿಡಿ.”

ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಫೋಟೋಗಳ ದಾರಿಯಲ್ಲಿ ಅವರು ಎಲ್ಲೂ ಇರಲಿಲ್ಲ. ಮತ್ತೆ ಬೇಕರಿಗೆ ಬಂದು, ಇಲ್ಲೇ ದಾರಿ ತಪ್ಪಿರಬಹುದೆಂದು, ಬಾಣ ಬಲಕ್ಕಿದ್ದರೂ ಎಡಕ್ಕೆ ತಿರುಗಿದೆ. ಆ ರಸ್ತೆಯ ಕೊನೆಯ ಬಸ್ ಸ್ಟಾಪಿನಲ್ಲಿ, ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಕೂತಿದ್ದರು. ಬೀನ್ಸಿನ ಮೇಲಿದ್ದ ಕೊತ್ತಂಬರಿ ಬಿಸಿಲಿಗೆ ಬಾಡಿತ್ತು. ಬರುವ ಬಸ್ಸಿನ ಕಡೆಗೂ ಅವರು ನೋಡುತ್ತಿರಲಿಲ್ಲ.

“ಸಾರ್, ನಾನು ಸುಮಾ. ನಿಮ್ಮ ಫೋನ್ ತಂದಿದೀನಿ.”

ಎರಡೂ ಕೈಯಲ್ಲಿ ಇಸಿದುಕೊಂಡರು. ಚಿತ್ರ ತೆರೆದು ಸುತ್ತಲಿನ ರಸ್ತೆಯನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ನೋಡ್ಬಿಟ್ರಾ?”

“ನೋಡ್ದೆ ಸಾರ್.”

“ಮ್ಯಾಪ್ ಹಾಕಿದ್ರೆ ಅದು ಕೂಗುತ್ತೆ, ಜೊತೇಲಿದ್ದೋರಿಗೆ ಗೊತ್ತಾಗ್ಬಿಡುತ್ತೆ. ಇದಾದ್ರೆ ಮೆಸೇಜ್ ನೋಡ್ತಿದಾನೆ ಅನ್ಕೋತಾರೆ.” ಬಾಡಿದ ಕೊತ್ತಂಬರಿಯನ್ನು ಬ್ಯಾಗಿನೊಳಗೆ ತಳ್ಳಿ, “ಶಾಂತಿ ಮುಗಿಯೋವರ್ಗೂ ಅವಳಿಗೆ ಹೇಳ್ಬೇಡಿ ತಾಯಿ. ಎಷ್ಟು ಸಂಭ್ರಮದಲ್ಲಿದಾಳೆ,” ಎಂದರು.

ನನಗೆ ಅಳುವೂ ಬಂತು, ಕೋಪವೂ ಬಂತು. “ಗ್ಯಾಸ್ ಆನ್ ಆಗೇ ಉಳಿದ್ರೆ ಏನ್ಮಾಡ್ತೀರಾ ಸಾರ್? ಆಮೇಲೆ ಯಾವ ಸಂಭ್ರಮ? ಇವತ್ತೇ ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ಬೇಕಾಗುತ್ತೆ.”

ಅವರು ಎದ್ದರು. ಫೋನ್ ಹಿಡಿದು ಮುಂದೆ ನಡೆದರು, ನಾನು ಹಿಂದೆ. ಜಯಲಕ್ಷ್ಮಿ ಗೇಟಿನಲ್ಲೇ ನಿಂತಿದ್ದರು. “ಜಯಾ, ಇದನ್ನ ನೋಡು,” ಎಂದು ಮೇಷ್ಟ್ರು ಫೋನನ್ನು ಹೆಂಡತಿಯ ಕೈಗಿತ್ತರು. ಗೇಟು, ಟ್ರಾನ್ಸ್‌ಫಾರ್ಮರ್, ಮರ, ಬಾಣ, ಬಾಣ. ಆಕೆಗೆ ಅರ್ಥವಾಗುವುದನ್ನು ನಾನು ಕಣ್ಣಾರೆ ಕಂಡೆ. ಬೇರೆ ಕಡೆ ತಿರುಗಿ ನಿಲ್ಲೋಣವೆಂದರೂ ಆಗಲಿಲ್ಲ.

“ಅಯ್ಯೋ ದೇವರೇ, ಇವನ್ನೇ ಗುಡಿಸಿ ಹಾಕಿ ಅಂದ್ನಲ್ಲಾ,” ಎಂದವರು ಗಂಡನ ಶರ್ಟಿನ ತೋಳು ಹಿಡಿದುಕೊಂಡರು. “ನಂಗೊಂದ್ ಮಾತು ಹೇಳ್ಬಾರ್ದಿತ್ತೇನ್ರೀ? ಒಬ್ರೇ ಎಷ್ಟ್ ದಿನದಿಂದ ಹೆದರ್ಕೊಂಡು ಓಡಾಡ್ತಿದೀರಾ?”

ಜೆ.ಪಿ. ನಗರದಲ್ಲಿದ್ದ ಮಗಳು ಆ ವಾರವೇ ನರರೋಗದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಔಷಧಿಯಿಂದ ಮರೆವಿನ ವೇಗ ಸ್ವಲ್ಪ ತಗ್ಗಬಹುದು, ಹೋದದ್ದು ವಾಪಸ್ ಬರುವುದು ಕಷ್ಟ ಎಂದರಂತೆ. ನಾನು ದಾರಿಯ ಚಿತ್ರಗಳನ್ನೆಲ್ಲ ‘ಮನೆಗೆ’ ಎಂಬ ಆಲ್ಬಂ ಮಾಡಿ, ಫೋನ್ ತೆರೆದ ತಕ್ಷಣ ಕಾಣುವಂತೆ ಇಟ್ಟುಕೊಟ್ಟೆ.

ಶಾಂತಿಯ ದಿನ ಪರದೆಯ ಮೇಲೆ ಅವರ ಮದುವೆಯ ಫೋಟೋ ಬಂದಾಗ ಮೇಷ್ಟ್ರು ಹೆಂಡತಿಯ ಕಿವಿಯಲ್ಲಿ ಏನೋ ಕೇಳಿದರು. ಆಕೆ, “ನಿಮ್ಮಣ್ಣ ಕಣ್ರೀ,” ಎಂದು ಮೆಲ್ಲಗೆ ಹೇಳಿ ನಗುವನ್ನು ಹಾಗೇ ಇಟ್ಟುಕೊಂಡರು. ಎಲ್ಲ ಮುಗಿದ ಮೇಲೆ ಕಾರು ಬೇಡವೆಂದು ಇಬ್ಬರೂ ನಡೆದೇ ಹೊರಟರು. ಹಾಲ್‌ನಿಂದ ಮನೆಯವರೆಗಿನ ತಿರುವುಗಳನ್ನು ಈ ಸಲ ಜಯಲಕ್ಷ್ಮಿಯೇ ತೆಗೆದು, ಬಾಣ ಎಳೆದು, ಅವರ ಫೋನಿಗೆ ಹಾಕಿದ್ದರು. ಮೇಷ್ಟ್ರು ಅದನ್ನು ನೋಡಿ, “ಇಲ್ಲಿ ಎಡಕ್ಕೆ ಕಣೇ,” ಎಂದರು.

“ಹೌದೇನ್ರೀ? ನಡೀರಿ ಹಾಗಾದ್ರೆ,” ಎಂದು, ಆ ರಸ್ತೆಯಲ್ಲೇ ಸಂಸಾರವೆಲ್ಲ ಕಳೆದ ಹೆಂಗಸು ಏನೂ ತಿಳಿಯದವರಂತೆ ಅವರ ಹಿಂದೆ ಹೋದರು.

ಈಗ ಯಾರಾದರೂ ಸರ್ಪ್ರೈಸ್ ಎಂದು ಇನ್ನೊಬ್ಬರ ಫೋನ್ ತಂದರೆ ನಾನು ಮುಟ್ಟುವುದಿಲ್ಲ, ವಾಪಸ್ ಕಳಿಸುತ್ತೇನೆ. ಫೋಟೋ ತೆಗೆದವರು ಪಕ್ಕದಲ್ಲಿ ಕೂರಬೇಕು. ಬೋಳು ಗೋಡೆಯ ಚಿತ್ರವಾದರೂ ಸರಿ, “ಇದನ್ನ ಯಾಕೆ ತೆಗೆದ್ರಿ?” ಎಂದು ಕೇಳುತ್ತೇನೆ. ಅವರು ಹೇಳುವವರೆಗೂ ಕಾಯುತ್ತೇನೆ.