‘ಜಿಲಾ’ ಎಂಬ ಅಡ್ಡಹೆಸರು

ನಮ್ಮ ಹೊಸ ರಾಜ್ಯದಲ್ಲಿ ನಾರಾಯಣಪೇಟೆ ಜಿಲ್ಲೆಯಾದ ವರ್ಷ ನೇಕಾರರ ಗುರುತಿನ ಚೀಟಿ ಮುದ್ರಿಸುವ ಪ್ರೋಗ್ರಾಮ್ ನನ್ನ ಕೈಯಲ್ಲಿತ್ತು. ಜಿಲ್ಲೆಯ ಹೆಸರು ತುಂಬುವ ಮೆಥಡ್ ಎಂಬ ಕೋಡ್ ತುಣುಕನ್ನು ಬದಲಿಸುವ ಮೊದಲು, ಅದನ್ನು ಬೇರೆ ಯಾವ ಕೋಡ್ ಕರೆದು ಬಳಸುತ್ತದೆಂದು ಅದರ ಹೆಸರಿನಿಂದಲೇ ಹುಡುಕಿದೆ. ಮೂರು ಕಡೆ ಸಿಕ್ಕಿತು, ಅವನ್ನಷ್ಟೇ ತಿದ್ದಿದೆ. ಚೀಟಿ ನವೀಕರಿಸುವ ಕೋಡ್ ಅದನ್ನು ‘ಜಿಲಾ’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿತ್ತು. ಉರ್ದು ಶಾಲೆಯಲ್ಲಿ ಓದಿದ, ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಇಟ್ಟ ಹೆಸರದು; ಉರ್ದುವಿನಲ್ಲಿ ಜಿಲ್ಲೆ ಎಂದೇ ಅರ್ಥ. ನನ್ನ ಹುಡುಕಾಟಕ್ಕೆ ಸಿಗದೆ, ತಿದ್ದದೆ ಉಳಿಯಿತು.

ಮಕ್ತಲ್‌ನ ನೇಕಾರ ಹೆಂಗಸೊಬ್ಬರು ನವೀಕರಿಸಿದ, ಜಿಲ್ಲೆಯ ಜಾಗ ಖಾಲಿಯಿದ್ದ ಹೊಸ ಚೀಟಿ ಹಿಡಿದು ಬಂದರು. ಅದನ್ನು ನೋಡಿ ಆಸ್ಪತ್ರೆಯವರು ಅವರನ್ನು ಜಿಲ್ಲೆಯ ನೇಕಾರರಿಗಿದ್ದ ಕಣ್ಣಿನ ಆಪರೇಷನ್‌ಗೆ ಸೇರಿಸಿಕೊಂಡಿರಲಿಲ್ಲ.

“ರಾಜ್ಯ ಹೊಸದು, ಜಿಲ್ಲಾ ಹೊಸದು, ನಾನೊಬ್ಬಾಕಿ ಎಲ್ಲ್ಯಾಕಿನೂ ಅಲ್ಲೇನ್ರೀ ಸಾರ್?” ಎಂದರು.

ಆ ಮಧ್ಯಾಹ್ನವೇ ಸರಿಯಾದ ಚೀಟಿ ಕೊಟ್ಟೆ. ಆಪರೇಷನ್‌ನ ಮುಂದಿನ ಸರದಿ ಬರುವಷ್ಟರಲ್ಲಿ, ಸೀರೆಯಂಚಿನ ಎಳೆ ಕಣ್ಣಿಗೆ ಕಾಣದೆ ಅವರು ನೇಯ್ಗೆ ಬಿಟ್ಟು ಮಗ್ಗ ಬಿಚ್ಚಿಸಿದ್ದರು.