ಮುಖ ನೋಡಿ ಮಾತ್ರೆ ಕೊಡುತ್ತಿದ್ದವರು

ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಎದುರು ಔಷಧಿ ಅಂಗಡಿ ಇಟ್ಟಿದ್ದ ಸಾಹೇಬರು, ಚೀಟಿ ನೋಡುವ ಮೊದಲು ಮುಖ ನೋಡುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, "ಮೊದ್ಲು ಮುಖ ತೋರ್ಸಿ ಅಮ್ಮ, ಚೀಟಿ ಎಲ್ಲಿಗೆ ಓಡೋಗ್ತದೆ?" ಎನ್ನುತ್ತಿದ್ದರು.

ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ನನ್ನ ಅಮ್ಮನಿಗೆ ಬೀಪಿಗೊಂದು, ಎದೆಬಡಿತಕ್ಕೊಂದು ಮಾತ್ರೆ. ಜೊತೆಗೆ ಮೊದಲಿನಿಂದಲೂ ಭಯದ ಸ್ವಭಾವ. ಒಮ್ಮೆ ಅವಳ ಎದೆ ವಿಪರೀತ ಹೊಡೆದುಕೊಳ್ಳತೊಡಗಿತು. ನಮ್ಮೂರು ಜಂಗಮಕೋಟೆಯಿಂದ ಬಸ್ಸಿನಲ್ಲಿ ಸಾಹೇಬರ ಅಂಗಡಿಗೆ ಕರೆತಂದೆ.

"ಭಯಕ್ಕೂ ಒಂದು ಮಾತ್ರೆ ಕೊಡಿ ಸಾಬ್ರೆ," ಎಂದು ಅಮ್ಮ ಗೋಗರೆದಳು.

ಅವರು ಕೊಡಲಿಲ್ಲ. "ಡಾಕ್ಟ್ರು ಹೇಳ್ದೆ ಮೂರನೇದು ಸೇರ್ಸಂಗಿಲ್ಲಮ್ಮ. ಇರೋ ಎರಡು ಯಾವಾಗ ತಗೋತೀರ?"

"ಹುಳಕ್ಕೆ ಬೆಳಿಗ್ಗೆ ಸೊಪ್ಪು ಹಾಕ್ದಾಗ ಒಂದ್ಸಲ, ಸಂಜೆ ಹಾಕ್ದಾಗ ಒಂದ್ಸಲ."

"ಈಗ ಹುಳ ಏನ್ಮಾಡ್ತಾ ಐತೆ?"

"ನಾಲ್ಕನೇ ಜ್ವರ. ನಿನ್ನೆಯಿಂದ ಸೊಪ್ಪಿಲ್ಲ."

ರೇಷ್ಮೆಹುಳು ಪೊರೆ ಕಳಚಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಸೊಪ್ಪಿಲ್ಲವೆಂದು ಅಮ್ಮ ಮಾತ್ರೆಯನ್ನೂ ಬಿಟ್ಟಿದ್ದಳು.

ಸಾಹೇಬರು ನಗಲಿಲ್ಲ. "ಹುಳ ಮಲಗಿದ್ರೂ ನಿಮ್ಮೆದೆ ಮಲಗಲ್ಲಮ್ಮ. ಎದೆಬಡಿತದ ಮಾತ್ರೆ ದಿಢೀರಂತ ಬಿಟ್ರೆ ಹಿಂಗೇ ಹೊಡ್ಕೊಂತದೆ," ಎಂದವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಅಮ್ಮನನ್ನು ತಾವೇ ಡಾಕ್ಟರ ಬಳಿಗೆ ನಿಧಾನವಾಗಿ ನಡೆಸಿಕೊಂಡು ಹೋದರು.

ಈಗ ಅವರಿಲ್ಲ, ಅಮ್ಮನೂ ಇಲ್ಲ. ಆ ಎರಡು ಮಾತ್ರೆಗಳೂ ಅಮ್ಮನ ಭಯವೂ ನನ್ನ ಪಾಲಿಗೆ ಬಂದಿವೆ. ಯಾವ ಔಷಧಿ ಅಂಗಡಿಗೆ ಹೋದರೂ ನಾನು ಚೀಟಿಯನ್ನು ತಕ್ಷಣ ಕೊಡುವುದಿಲ್ಲ. ಒಂದು ಗಳಿಗೆ ಮುಖವೆತ್ತಿ ನಿಲ್ಲುತ್ತೇನೆ.